ಡೆಬಿಯನ್ 13ಕ್ಕೆ ಏರಿದ ಮೇಲೆ ವರ್ಚುವಲ್‌ಬಾಕ್ಸ್ ಏಳುತ್ತಿಲ್ಲ: ಈ ‘ಇನ್ನೊಂದು ಹೈಪರ್‌ವೈಸರ್’ ಯಾವುದು?

ಬದಿಯಡ್ಕದ ಮುದ್ರಕ:

ಎಲ್ಲರಿಗೂ ನಮಸ್ಕಾರ. ಬದಿಯಡ್ಕದಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಮತ್ತು ಆಫ್‌ಸೆಟ್ ಅಂಗಡಿಯಿದೆ. ಮದುವೆ ಕಾಗದ, ಬ್ರಹ್ಮಕಲಶೋತ್ಸವದ ಆಮಂತ್ರಣ, ಯಕ್ಷಗಾನದ ಕರಪತ್ರ, ಸಹಕಾರಿ ಸಂಘಗಳ ವಾರ್ಷಿಕ ವರದಿ ಇವೇ ನಮ್ಮ ಕೆಲಸ; ಹೆಚ್ಚಿನವು ಒಂದು ಮಗ್ಗುಲು ಕನ್ನಡ, ಇನ್ನೊಂದು ಮಗ್ಗುಲು ಮಲಯಾಳ. ಹಳೆಯ ಕಡತಗಳೆಲ್ಲ ಪೇಜ್‌ಮೇಕರ್ 7ರಲ್ಲಿ, ಯುನಿಕೋಡ್ ಅಲ್ಲದ ಫಾಂಟುಗಳಲ್ಲಿ ಇವೆ, ಮತ್ತು ಆ ಫಾಂಟುಗಳ ಕೀಲಿಮಣೆ ತಂತ್ರಾಂಶ ಯುಎಸ್‌ಬಿ ಡಾಂಗಲ್ ಚುಚ್ಚಿದ್ದರೆ ಮಾತ್ರ ತೆರೆದುಕೊಳ್ಳುತ್ತದೆ. ದೇವಸ್ಥಾನದವರು ಹನ್ನೆರಡು ವರ್ಷಕ್ಕೊಮ್ಮೆ ಬಂದು ‘ಕಳೆದ ಸಲದ ಹಾಗೆಯೇ ಇರಲಿ, ತಾರೀಕು ಮಾತ್ರ ಬದಲಿಸಿ’ ಎನ್ನುವ ಊರಿನಲ್ಲಿ ಆ ಕಡತಗಳನ್ನು ಕೈಬಿಡುವಂತಿಲ್ಲ.

ಆರು ವರ್ಷಗಳ ಹಿಂದೆ ತುಲಾ ತಿಂಗಳ ಗುಡುಗಿಗೆ ವಿಂಡೋಸ್ ಎಕ್ಸ್‌ಪಿ ಇದ್ದ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟುಹೋಯಿತು. ಅಂದಿನಿಂದ ನಾಲ್ಕನೆಯ ತಲೆಮಾರಿನ ಐ3 ಪ್ರೊಸೆಸರಿನ, 8 ಜಿಬಿ ಮೆಮೊರಿಯ ಒಂದು ಯಂತ್ರದಲ್ಲಿ ಡೆಬಿಯನ್ ಎಂಬ ಲಿನಕ್ಸ್ ಹಾಕಿ, ಅದರೊಳಗೆ, ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ಅಣಕಿಸುವ ವರ್ಚುವಲ್‌ಬಾಕ್ಸ್‌ನಲ್ಲಿ ಎಕ್ಸ್‌ಪಿಯನ್ನು ಓಡಿಸುತ್ತಿದ್ದೇನೆ. ಇಷ್ಟು ವರ್ಷ ಒಂದು ದಿನವೂ ಕೈಕೊಡಲಿಲ್ಲ. ಕಳೆದ ವಾರ ಡೆಬಿಯನ್ 12ರಿಂದ 13ಕ್ಕೆ ಏರಿಸಿದೆ. ಈಗ ಎಕ್ಸ್‌ಪಿಯನ್ನು ಶುರು ಮಾಡಲು ಹೋದರೆ, ವಿಟಿ-ಎಕ್ಸ್ (ಇಂಟೆಲ್ ಪ್ರೊಸೆಸರಿನಲ್ಲಿ ಇದಕ್ಕೆಂದೇ ಇರುವ ಸೌಲಭ್ಯ) ಅನ್ನು ಇನ್ನೊಂದು ಹೈಪರ್‌ವೈಸರ್ (ವರ್ಚುವಲ್‌ಬಾಕ್ಸಿನಂಥ ತಂತ್ರಾಂಶ) ಬಳಸುತ್ತಿದೆ ಎಂಬ ಸಂದೇಶ ಬಂದು ಅಲ್ಲಿಗೇ ನಿಲ್ಲುತ್ತದೆ. ನಾನು ಬೇರೆ ಯಾವ ಹೈಪರ್‌ವೈಸರನ್ನೂ ಹಾಕಿಲ್ಲ. ಬಯೋಸ್‌ನಲ್ಲಿ ವರ್ಚುವಲೈಸೇಶನ್ ಚಾಲೂ ಇದೆ ಎಂಬುದನ್ನು ಎರಡೆರಡು ಸಲ ನೋಡಿದ್ದೇನೆ.

ಈ ‘ಇನ್ನೊಂದು’ ಯಾವುದು? ಅದನ್ನು ನಿಲ್ಲಿಸಿದರೆ ಬೇರೆ ತೊಂದರೆಯಾದೀತೇ? ಕೆವಿಎಂ ಎಂಬುದಕ್ಕೆ ಹೋಗುವುದು ಒಳ್ಳೆಯದೆಂದು ಒಬ್ಬರು ಹೇಳಿದರು. ಹೋದರೆ ಡಾಂಗಲ್ ನಡೆಯುತ್ತದೆಯೇ? ಮುಂದಿನ ಸೋಮವಾರ ಒಂದು ಆಮಂತ್ರಣ ಪತ್ರಿಕೆ ಕೊಡಬೇಕಾಗಿರುವುದರಿಂದ ಸ್ವಲ್ಪ ಅವಸರವಿದೆ.

ತಾಳವಾಡಿಯವ:

ಡೆಬಿಯನ್ 13ರಲ್ಲಿ ಇರುವುದು 6.12 ಕರ್ನೆಲ್ (ಲಿನಕ್ಸಿನ ತಿರುಳು). ನನಗೂ ಇದೇ ಆಗಿತ್ತು. ತುರ್ತಿಗೆ, ವರ್ಚುವಲ್‌ಬಾಕ್ಸ್ ತೆರೆಯುವ ಮುಂಚೆ ರೂಟ್ (ಯಜಮಾನ ಬಳಕೆದಾರ) ಆಗಿ ‘ಆರ್‌ಎಂಮಾಡ್’ ಆದೇಶದಿಂದ ಕೆವಿಎಂ-ಇಂಟೆಲ್ ಎಂಬ ಮಾಡ್ಯೂಲನ್ನು (ಕರ್ನೆಲ್ಲಿಗೆ ಸೇರಿಕೊಳ್ಳುವ ತುಣುಕನ್ನು) ಮೆಮೊರಿಯಿಂದ ಇಳಿಸಿಬಿಡಿ, ಎಕ್ಸ್‌ಪಿ ಏಳುತ್ತದೆ. ಪ್ರತಿ ಸಲ ಮಾಡುವುದು ಬೇಡವೆಂದಾದರೆ ಗ್ರಬ್‌ನ (ಯಂತ್ರ ಏಳುವಾಗ ಕರ್ನೆಲ್ಲನ್ನು ಶುರು ಮಾಡುವ ಪ್ರೋಗ್ರಾಮ್) ಕರ್ನೆಲ್ ಸಾಲಿನಲ್ಲಿ ಕೆವಿಎಂ ಮಾಡ್ಯೂಲಿನ ‘ಎನೇಬಲ್ ವರ್ಟ್ ಅಟ್ ಲೋಡ್’ ಎಂಬ ನಿಯತಾಂಕಕ್ಕೆ ಸೊನ್ನೆ ಕೊಡಿ. ಆ ನಾಲ್ಕು ಪದಗಳ ನಡುವೆ ಅಂಡರ್‌ಸ್ಕೋರ್ ಬರಬೇಕು, ಅವುಗಳಿಗಿಂತ ಮೊದಲು ಕೆವಿಎಂ ಮತ್ತು ಒಂದು ಚುಕ್ಕಿ ಬರಬೇಕು. ಆಮೇಲೆ ‘ಅಪ್‌ಡೇಟ್-ಗ್ರಬ್’ ಕೊಟ್ಟು ಯಂತ್ರವನ್ನು ಮತ್ತೆ ಚಾಲೂ ಮಾಡಿದರಾಯಿತು. ನೀವು ಕೆವಿಎಂ ಬಳಸುತ್ತಿಲ್ಲವಾದ್ದರಿಂದ ಬೇರೆ ತೊಂದರೆಯೇನೂ ಇಲ್ಲ.

ಪಯಸ್ವಿನಿ:

ತಾಳವಾಡಿಯವರು ಹೇಳಿದ ದಾರಿ ಸರಿಯಾದದ್ದೇ, ಸೋಮವಾರದ ಕೆಲಸ ಮುಗಿಯುವ ತನಕ ಅದನ್ನೇ ಹಿಡಿಯಿರಿ. ಆದರೆ ಮುದ್ರಕರು ಮೊದಲು ಕೇಳಿದ್ದಕ್ಕೆ ಉತ್ತರ ಹಾಗೆಯೇ ಉಳಿಯಿತು. ನೀವು ಹುಡುಕುತ್ತಿರುವ ‘ಇನ್ನೊಂದು ಹೈಪರ್‌ವೈಸರ್’ ಬೇರೆಲ್ಲಿಂದಲೋ ಬಂದದ್ದಲ್ಲ, ನಿಮ್ಮ ಕರ್ನೆಲ್ಲೇ ಅದು; ಕೆವಿಎಂ ಎಂಬುದು ಅದರೊಳಗಿನ ಹೈಪರ್‌ವೈಸರ್.

ಇಂಟೆಲ್ ಪ್ರೊಸೆಸರಿನಲ್ಲಿ ವರ್ಚುವಲೈಸೇಶನ್ ಸೌಲಭ್ಯವನ್ನು ಬಳಸಬೇಕಾದರೆ ಪ್ರತಿಯೊಂದು ಕೋರ್‌ನಲ್ಲಿಯೂ ‘ವಿಎಂಎಕ್ಸ್‌ಆನ್’ ಎಂಬ ಒಂದು ಸೂಚನೆಯನ್ನು ಕೊಟ್ಟು ಆ ಕೋರನ್ನು ‘ರೂಟ್ ಮೋಡ್’ ಎಂಬ ಸ್ಥಿತಿಗೆ ಒಯ್ಯಬೇಕಾಗುತ್ತದೆ. ಒಂದು ಹೈಪರ್‌ವೈಸರ್ ಹಾಗೆ ಒಯ್ದಾದ ಮೇಲೆ ಎರಡನೆಯದಕ್ಕೆ ಅಲ್ಲಿ ಜಾಗವಿಲ್ಲ. ಲಿನಕ್ಸ್‌ನಲ್ಲಿ ಪ್ರೊಸೆಸರಿಗೆ ಈ ಸೌಲಭ್ಯವಿದೆಯೆಂದು ಕಂಡ ಕೂಡಲೇ ಕೆವಿಎಂ ಮಾಡ್ಯೂಲ್ ತಾನಾಗಿ ಮೆಮೊರಿಗೆ ಬರುತ್ತದೆ, ಅದನ್ನು ಯಾರಾದರೂ ಬಳಸಲಿ ಬಿಡಲಿ. 6.11ರ ವರೆಗೆ ಅದು ಬಂದು ಸುಮ್ಮನೆ ಕೂತಿರುತ್ತಿತ್ತು. ಮೊದಲನೆಯ ವಿಎಂ (ಹೈಪರ್‌ವೈಸರಿನಲ್ಲಿ ಓಡುವ ವರ್ಚುವಲ್ ಯಂತ್ರ) ಹುಟ್ಟಿದಾಗ ವಿಎಂಎಕ್ಸ್‌ಆನ್ ಕೊಟ್ಟು, ಕೊನೆಯ ವಿಎಂ ಮುಗಿದಾಗ ಹಿಂದೆ ಸರಿಯುತ್ತಿತ್ತು. ಹಾಗಾಗಿ ಎರಡನ್ನೂ ಒಂದೇ ಹೊತ್ತಿಗೆ ಓಡಿಸದ ತನಕ ವರ್ಚುವಲ್‌ಬಾಕ್ಸಿಗೆ ಅಡ್ಡಿಯಿರಲಿಲ್ಲ. 2024ರ ನವೆಂಬರಿನಲ್ಲಿ ಬಂದ 6.12ರಲ್ಲಿ, ಮಾಡ್ಯೂಲ್ ಬಂದ ಕ್ಷಣದಲ್ಲೇ ಎಲ್ಲ ಕೋರ್‌ಗಳನ್ನು ಹಿಡಿದುಕೊಳ್ಳುವುದೇ ರೂಢಿಯ ನಡೆಯಾಯಿತು. ಒಂದೊಂದೇ ಕೋರ್‌ನಲ್ಲಿ ಸರದಿಯಂತೆ ಅದನ್ನು ಚಾಲೂ ಮಾಡಬೇಕಾಗಿರುವುದರಿಂದ, ನೂರಾರು ಕೋರ್‌ಗಳ ಸರ್ವರಿನಲ್ಲಿ ಮೊದಲ ವಿಎಂ ಏಳುವುದು ತಡವಾಗುತ್ತದೆ ಎಂಬುದು ಇದಕ್ಕೆ ಕಾರಣ. ನಿಮ್ಮ ಐ3ಯಲ್ಲಿ ಆ ಉಳಿತಾಯ ಲೆಕ್ಕಕ್ಕೇ ಬಾರದು. ಆದರೆ ರೂಢಿಯ ನಡೆ ಎಲ್ಲರಿಗೂ ಒಂದೇ. ಕರ್ನೆಲ್ಲಿನ ಹೊರಗಿನ ಹೈಪರ್‌ವೈಸರ್‌ಗಳಿಗೆ ಇದರಿಂದ ಅಡ್ಡಿಯಾಗಬಹುದೆಂದು ಕರ್ನೆಲ್ಲಿನ ದಾಖಲೆಯೇ ಬರೆದುಕೊಂಡಿದೆ.

ಈಗ ಕೆವಿಎಂಗೆ ಹೋಗುವ ಮಾತು. ಹೋಗಿ ಎಂದೇ ನಾನು ಹೇಳುವುದು, ಅದಕ್ಕೆ ಕಾರಣ ತಿಳಿಯಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು. ಎಕ್ಸ್86 (ಇಂಟೆಲ್, ಎಎಂಡಿ ಬಗೆಯ) ಪ್ರೊಸೆಸರುಗಳು ಮೊದಲಿಗೆ ಈ ಕೆಲಸಕ್ಕೆ ಒಗ್ಗುವಂಥವಾಗಿರಲಿಲ್ಲ. ಉದಾಹರಣೆಗೆ ‘ಪಾಪ್‌ಎಫ್’ ಎಂಬ ಸೂಚನೆಯನ್ನು ತೆಗೆದುಕೊಳ್ಳಿ: ಅಧಿಕಾರವಿಲ್ಲದ ಪ್ರೋಗ್ರಾಮೊಂದು ಅದರಿಂದ ಇಂಟರಪ್ಟುಗಳನ್ನು (ಸಾಧನಗಳು ಪ್ರೊಸೆಸರಿನ ಗಮನ ಸೆಳೆಯುವ ಸಂಕೇತಗಳನ್ನು) ತಡೆಯಲು ಹೋದರೆ ಪ್ರೊಸೆಸರ್ ತಪ್ಪೆಂದು ಕೂಗುವುದಿಲ್ಲ, ಆ ಭಾಗವನ್ನು ಮಾತ್ರ ಸದ್ದಿಲ್ಲದೆ ನುಂಗಿ ಮುಂದೆ ಹೋಗುತ್ತದೆ. ಒಳಗಿನ ಆಪರೇಟಿಂಗ್ ಸಿಸ್ಟಮ್ ತಾನು ಇಂಟರಪ್ಟುಗಳನ್ನು ನಿಲ್ಲಿಸಿದ್ದೇನೆಂದು ನಂಬಿರುತ್ತದೆ, ಹೈಪರ್‌ವೈಸರಿಗೆ ಸುದ್ದಿಯೇ ಇರುವುದಿಲ್ಲ. ಇಂಥ ಸೂಚನೆಗಳಿರುವ ಯಂತ್ರವನ್ನು ನೇರಾನೇರ ವರ್ಚುವಲೈಸ್ ಮಾಡಲಾಗದೆಂದು ಪೊಪೆಕ್ ಮತ್ತು ಗೋಲ್ಡ್‌ಬರ್ಗ್ 1974ರಲ್ಲೇ ವಿವರಿಸಿದ್ದರು. ವಿಎಂವೇರ್ 1999ರಲ್ಲಿ ಅಂಥ ಸೂಚನೆಗಳನ್ನು ಓಡುತ್ತಿರುವಾಗಲೇ ಬೇರೆ ಸೂಚನೆಗಳಾಗಿ ಬದಲಿಸಿ ಕೆಲಸ ಸಾಧಿಸಿತು. ಇಂಟೆಲ್ 2005ರಲ್ಲಿ ವಿಟಿ-ಎಕ್ಸ್ ತಂದ ಮೇಲೆ, ಮರುವರ್ಷ ಎಎಂಡಿ ತನ್ನದನ್ನು ತಂದ ಮೇಲೆ ಆ ಸರ್ಕಸ್ಸಿನ ಅಗತ್ಯ ಉಳಿಯಲಿಲ್ಲ.

ಆ ಹೊತ್ತಿಗೆ ಕ್ಯುಮ್ರಾನೆಟ್ ಎಂಬ ಕಂಪನಿಯ ಆವಿ ಕಿವಿಟಿ ಕೆವಿಎಂ ಬರೆದರು; 2007ರ ಫೆಬ್ರವರಿಯಲ್ಲಿ ಬಂದ 2.6.20 ಕರ್ನೆಲ್ಲಿನಲ್ಲಿ ಅದು ಸೇರಿಯೂ ಆಯಿತು. ಕೇಂಬ್ರಿಜ್‌ನಲ್ಲಿ ಹುಟ್ಟಿದ ಜೆನ್ ಎಂಬ ಇನ್ನೊಂದು ವ್ಯವಸ್ಥೆಯು, ಕೆಳಗೆ ಒಂದು ಪ್ರತ್ಯೇಕ ಹೈಪರ್‌ವೈಸರನ್ನಿಟ್ಟು ಅದರ ಮೇಲೆ ಲಿನಕ್ಸನ್ನು ಕೂರಿಸುತ್ತಿತ್ತು. ಹಾಗೆ ಯಜಮಾನನಾಗಿ ಕೂರುವ ಲಿನಕ್ಸಿಗೆ ಬೇಕಾದ ಬೆಂಬಲ ಮುಖ್ಯ ಕರ್ನೆಲ್ಲಿನೊಳಗೆ ಬರುವಾಗ 2011 ಆಯಿತು, 3.0ರಲ್ಲಿ. ಕೆವಿಎಂ ಹಾಗೆ ಬೇರೆ ಮನೆ ಕಟ್ಟಲಿಲ್ಲ. ಯಾವ ಪ್ರೋಗ್ರಾಮಿಗೆ ಯಾವಾಗ ಪ್ರೊಸೆಸರ್ ಕೊಡಬೇಕು, ಮೆಮೊರಿಯನ್ನು ಹೇಗೆ ಹಂಚಬೇಕು ಎಂಬ ಕೆಲಸವನ್ನು ಕರ್ನೆಲ್ ಹೇಗೂ ಮಾಡುತ್ತಿದೆಯಲ್ಲ, ಅದನ್ನೇ ವಿಎಂಗಳಿಗೂ ಬಳಸಿಕೊಂಡಿತು. ಅದರಲ್ಲಿ ನಿಮ್ಮ ಎಕ್ಸ್‌ಪಿ ಒಂದು ಸಾಮಾನ್ಯ ಪ್ರೊಸೆಸ್, ಅದರ ಪ್ರೊಸೆಸರ್ ಒಂದು ಥ್ರೆಡ್. ಓಡುತ್ತಿರುವ ಪ್ರೋಗ್ರಾಮುಗಳ ಪಟ್ಟಿ ತೋರಿಸುವ ‘ಟಾಪ್’ ತೆರೆದರೆ ಫೈರ್‌ಫಾಕ್ಸ್‌ನ ಪಕ್ಕದಲ್ಲೇ ಅದೂ ಕಾಣುತ್ತದೆ, ಬೇಕಾದರೆ ‘ಕಿಲ್’ ಕೂಡ ಮಾಡಬಹುದು.

ಒಳಗೆ ನಡೆಯುವುದು ಹೀಗೆ. ಕಾಸರಗೋಡಿನವರಿಗೆ ತಲಪಾಡಿಯ ಹಳೆಯ ಚೆಕ್‌ಪೋಸ್ಟ್ ನೆನಪಿದ್ದೀತು: ಬಸ್ಸು, ಬೈಕು ನಿಲ್ಲದೆ ಹೋಗುತ್ತಿದ್ದವು, ಸರಕಿನ ಲಾರಿ ಮಾತ್ರ ಬದಿಗೆ ನಿಂತು ಕಾಗದ ತೋರಿಸಬೇಕಿತ್ತು. ಎಕ್ಸ್‌ಪಿಯ ಬಹುಪಾಲು ಸೂಚನೆಗಳು ಪ್ರೊಸೆಸರಿನ ಮೇಲೆ ನೇರವಾಗಿ ಓಡುತ್ತವೆ. ಅದು ಡಿಸ್ಕಿಗೆ ಬರೆಯಲೆಂದು ಐಡಿಇ (ಹಳೆಯ ಬಗೆಯ ಡಿಸ್ಕ್ ಸಂಪರ್ಕ) ಪೋರ್ಟನ್ನು ಮುಟ್ಟಿದಾಗ ಪ್ರೊಸೆಸರ್ ಅದನ್ನು ನಿಲ್ಲಿಸಿ ಕೆವಿಎಂ ಕೈಗೆ ಕೊಡುತ್ತದೆ. ಇದಕ್ಕೆ ‘ವಿಎಂ ಎಕ್ಸಿಟ್’ ಎನ್ನುತ್ತಾರೆ. ಇದು ಡಿಸ್ಕಿನ ವ್ಯವಹಾರವೆಂದು ಕಂಡ ಕೆವಿಎಂ ಅದನ್ನು ಕರ್ನೆಲ್ಲಿನ ಹೊರಗಿರುವ ಕ್ಯೂಇಎಂಯು ಎಂಬ ಪ್ರೋಗ್ರಾಮಿಗೆ ದಾಟಿಸುತ್ತದೆ, ಕ್ಯೂಇಎಂಯು ನಿಮ್ಮ ಡಿಸ್ಕ್ ಕಡತದಲ್ಲಿ ಬರೆದು ‘ಇನ್ನು ಓಡಿಸು’ ಎನ್ನುತ್ತದೆ. ಈ ಎಕ್ಸಿಟ್‌ಗಳು ಎಷ್ಟು ಕಡಿಮೆಯೋ ವೇಗ ಅಷ್ಟು ಹೆಚ್ಚು. ಮೊದಮೊದಲಿನ ವಿಟಿ ಪ್ರೊಸೆಸರುಗಳಲ್ಲಿ ಎಕ್ಸ್‌ಪಿ ತೆವಳುತ್ತಿದ್ದದ್ದಕ್ಕೆ ಇದೇ ಕಾರಣವಾಗಿತ್ತು: 32 ಬಿಟ್‌ನ ಎಕ್ಸ್‌ಪಿಗೆ ಇಂಟರಪ್ಟುಗಳ ಆದ್ಯತೆಯನ್ನು ಹೇಳುವ ‘ಟಿಪಿಆರ್’ ಎಂಬ ರಿಜಿಸ್ಟರನ್ನು ಮಾತುಮಾತಿಗೂ ಮುಟ್ಟುವ ಚಟವಿದೆ, ಮುಟ್ಟಿದಾಗಲೆಲ್ಲ ಒಂದು ಎಕ್ಸಿಟ್. ಮುಂದೆ ಇಂಟೆಲ್ ಆ ರಿಜಿಸ್ಟರಿಗೂ ಪ್ರೊಸೆಸರಿನಲ್ಲೇ ವ್ಯವಸ್ಥೆ ಮಾಡಿತು. ನಿಮ್ಮ ನಾಲ್ಕನೆಯ ತಲೆಮಾರಿಗೆ ಆ ಕಾಟವಿಲ್ಲ.

ಕೆವಿಎಂ ಕಡೆಗೆ ನನ್ನ ಒಲವಿರುವುದು ವೇಗಕ್ಕಾಗಿ ಅಲ್ಲ. ವರ್ಚುವಲ್‌ಬಾಕ್ಸಿನ ಮಾಡ್ಯೂಲ್ ಕರ್ನೆಲ್ಲಿನ ಹೊರಗೆ ಬೆಳೆಯುತ್ತದೆ. ಪ್ರತಿ ಕರ್ನೆಲ್ ಬದಲಾದಾಗಲೂ ನಿಮ್ಮ ಯಂತ್ರದಲ್ಲೇ ಅದು ಹೊಸದಾಗಿ ಕಂಪೈಲ್ ಆಗಬೇಕು, ಸೆಕ್ಯೂರ್ ಬೂಟ್ (ಸಹಿಯಿಲ್ಲದ ಮಾಡ್ಯೂಲನ್ನು ಒಳಗೆ ಬಿಡದ ವ್ಯವಸ್ಥೆ) ಇದ್ದರೆ ಅದಕ್ಕೆ ಸಹಿ ಹಾಕಿಸುವ ಕೆಲಸ ಬೇರೆ. ಕರ್ನೆಲ್ಲಿನ ಒಳಗಿನ ಕರೆಗಳು ಬದಲಾಗುತ್ತಲೇ ಇರುತ್ತವೆ, ಹೊರಗಿನವರಿಗಾಗಿ ಅವು ಕಾಯುವುದಿಲ್ಲ. ಕೆವಿಎಂ ಅದೇ ಕರ್ನೆಲ್ಲಿನೊಳಗಿನದಾದ್ದರಿಂದ, ಕರೆಯನ್ನು ಬದಲಿಸುವವರೇ ಕೆವಿಎಂ ಕಡೆಯದನ್ನೂ ಬದಲಿಸಿ ಕೊಡುತ್ತಾರೆ. ನಿಮಗೆ ಇವತ್ತು ಆದದ್ದು ಇನ್ನೊಂದು ರೂಪದಲ್ಲಿ ಮತ್ತೆ ಆಗಬಹುದು.

ಹೋಗುವುದಾದರೆ: ಮೊದಲು ವರ್ಚುವಲ್‌ಬಾಕ್ಸಿನಲ್ಲಿ ಸ್ನ್ಯಾಪ್‌ಶಾಟ್‌ಗಳಿದ್ದರೆ ಅಳಿಸಿ ಒಂದೇ ಡಿಸ್ಕ್ ಆಗಿಸಿ, ಇಲ್ಲವಾದರೆ ನಿಮ್ಮ ಇತ್ತೀಚಿನ ಕೆಲಸ ಬೇರೆ ಕಡತದಲ್ಲಿ ಉಳಿದು ಹಳೆಯ ಡಿಸ್ಕ್ ಮಾತ್ರ ಬರುತ್ತದೆ. ಎಕ್ಸ್‌ಪಿಯೊಳಗಿನ ಗೆಸ್ಟ್ ಅಡಿಷನ್ಸ್ (ವರ್ಚುವಲ್‌ಬಾಕ್ಸಿನ ಡ್ರೈವರುಗಳು) ತೆಗೆದುಹಾಕಿ. ನಂತರ ‘ಕ್ಯೂಇಎಂಯು-ಇಮೇಜ್’ ಆದೇಶದಿಂದ ವರ್ಚುವಲ್‌ಬಾಕ್ಸಿನ ವಿಡಿಐ ಡಿಸ್ಕ್ ಕಡತವನ್ನು ಕ್ಯೂಇಎಂಯು ಬಳಸುವ ಕ್ಯೂಕೌ2 ಆಗಿ ಪರಿವರ್ತಿಸಿ. ಮೂಲ ಕಡತ ಹಾಗೆಯೇ ಇರುತ್ತದೆ, ಅಳಿಸಬೇಡಿ. ಕೆವಿಎಂನ ವಿಎಂಗಳನ್ನು ನಡೆಸಲು ವರ್ಟ್-ಮ್ಯಾನೇಜರ್ ಎಂಬ ಪ್ರೋಗ್ರಾಮ್ ಹಾಕಿ, ಡಿಸ್ಕಿಗೆ ಐಡಿಇ, ನೆಟ್‌ವರ್ಕಿಗೆ ಆರ್‌ಟಿಎಲ್ 8139, ಮೆಮೊರಿಗೆ 1 ಜಿಬಿ ಎಂದು ಕೊಡಿ. ವೇಗಕ್ಕೆಂದು ವರ್ಟ್‌ಐಒ (ವಿಎಂಗಳಿಗೆಂದೇ ರೂಪಿಸಿದ ಸಾಧನಗಳ ಬಗೆ) ಆರಿಸಬೇಡಿ, ಅದರ ಈಗಿನ ಡ್ರೈವರುಗಳು ಎಕ್ಸ್‌ಪಿಗೆ ಬರುವುದಿಲ್ಲ. ಡಾಂಗಲ್ ನಡೆಯುತ್ತದೆ. ಪಿಸಿಐ ಕಾರ್ಡನ್ನು ಒಳಗೆ ಕೊಡಬೇಕಾದರೆ ಪ್ರೊಸೆಸರಿಗೆ ವಿಟಿ-ಡಿ ಎಂಬ ಬೇರೊಂದು ಸೌಲಭ್ಯ ಬೇಕು, ಯುಎಸ್‌ಬಿಗೆ ಅದು ಬೇಡ. ಕ್ಯೂಇಎಂಯು ಡಾಂಗಲ್ಲನ್ನು ಹೋಸ್ಟ್‌ನಿಂದ (ಹೊರಗಿನ ಡೆಬಿಯನ್ನಿನಿಂದ) ಪಡೆದು ದಾಟಿಸುತ್ತದೆ.

ಕುಂಬಳೆ ಮಾಸ್ಟ್ರು:

ಪಯಸ್ವಿನಿಯವರ ವಿವರಣೆ ಚೆನ್ನಾಗಿದೆ, ಆದರೆ ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ನಮ್ಮ ಕೇರಳದ ಶಾಲೆಗಳಲ್ಲಿ ಉಬುಂಟು ಆಧಾರಿತ ವ್ಯವಸ್ಥೆಯೇ ಇರುವುದರಿಂದ ಲ್ಯಾಬ್ ನೋಡಿಕೊಳ್ಳುತ್ತಿದ್ದ ವರ್ಷಗಳಲ್ಲಿ ಈ ಎರಡನ್ನೂ ಬಳಸಿದ್ದೇನೆ. ಒಂದೇ ಒಂದು ವಿಎಂ ಇರುವ ಅಂಗಡಿಯಲ್ಲಿ, ಒಂದು ನಿಯತಾಂಕಕ್ಕೆ ಸೊನ್ನೆ ಕೊಟ್ಟರೆ ಮುಗಿಯುವ ವಿಚಾರಕ್ಕೆ ಮನೆಯನ್ನೇ ಬದಲಿಸಬೇಕೆಂದು ನನಗೆ ತೋರುವುದಿಲ್ಲ. ವರ್ಚುವಲ್‌ಬಾಕ್ಸಿನಲ್ಲಿ ಫೋಲ್ಡರ್ ಹಂಚಿಕೊಳ್ಳುವುದು ಸುಲಭ, ಕೆವಿಎಂನಲ್ಲಿ ಎಕ್ಸ್‌ಪಿಗೆ ಅಷ್ಟು ಸಲೀಸಾದ ದಾರಿಯಿಲ್ಲ. ಲಿನಕ್ಸಿನಿಂದ ವಿಂಡೋಸಿಗೆ ಕಡತ ಹಂಚುವ ಸಾಂಬಾ ಮೂಲಕ ಮಾಡೋಣವೆಂದರೆ ಎಕ್ಸ್‌ಪಿಗೆ ಗೊತ್ತಿರುವುದು ಎಸ್‌ಎಂಬಿ1 ಎಂಬ ಹಳೆಯ ವಿಧಾನ ಮಾತ್ರ, ಸಾಂಬಾ 2019ರ 4.11ರಿಂದ ಅದನ್ನು ತಾನಾಗಿ ಬಾಗಿಲು ಹಾಕಿಟ್ಟಿದೆ. ಬಾಗಿಲು ತೆರೆಯಬಹುದು, ಆದರೆ ಹೊರಗಿನವರಿಗೂ ಅದೇ ಬಾಗಿಲು.

ಯಾವುದರಲ್ಲಿ ಓಡಿಸಿದರೂ ಎಕ್ಸ್‌ಪಿಗೆ ಇಂಟರ್ನೆಟ್ ಕೊಡಬೇಡಿ, 2014ರ ಏಪ್ರಿಲ್ 8ರ ನಂತರ ಅದನ್ನು ನೋಡಿಕೊಳ್ಳುವವರಿಲ್ಲ. ವಿಎಂ ಒಳಗಿದೆಯೆಂದು ನಿಶ್ಚಿಂತರಾಗಿರುವಂತೆಯೂ ಇಲ್ಲ. 2015ರಲ್ಲಿ ‘ವೆನಮ್’ ಎಂಬ ದೋಷವೊಂದು ಬಯಲಾಯಿತು. ಕ್ಯೂಇಎಂಯು ಅಣಕಿಸುವ ಫ್ಲಾಪಿ ನಿಯಂತ್ರಕದಲ್ಲಿ ಅದು ಅಡಗಿತ್ತು, ಗೆಸ್ಟ್‌ನಿಂದ (ವಿಎಂ ಒಳಗಿನ ಸಿಸ್ಟಮ್‌ನಿಂದ) ಹೊರಗೆ ಬರಲು ಅದರಿಂದ ದಾರಿಯಾಗುತ್ತಿತ್ತು. ಯಾರೂ ಮುಟ್ಟದ ಫ್ಲಾಪಿಯಿಂದ! ದೋಷವಿದ್ದದ್ದು ಕರ್ನೆಲ್ಲಿನ ಕೆವಿಎಂ ಭಾಗದಲ್ಲಿ ಅಲ್ಲ ಎಂಬುದನ್ನು ಗಮನಿಸಬೇಕು. ಸಾಧನಗಳ ಅಣಕವನ್ನು ಹೊರಗಿನ ಪ್ರೋಗ್ರಾಮಿಗೆ ಬಿಟ್ಟದ್ದರಿಂದ, ಆ ಪ್ರೋಗ್ರಾಮನ್ನು ಮಾಮೂಲಿ ಬಳಕೆದಾರನ ಅಧಿಕಾರದಲ್ಲಿ ಕಟ್ಟಿಹಾಕುವುದು ಸಾಧ್ಯವಾಗುತ್ತದೆ, ಇದು ಕೆವಿಎಂ ಪರವಾದ ಮಾತೆಂದು ನಾನೇ ಒಪ್ಪುತ್ತೇನೆ.

ಇನ್ನೊಂದು. ವಿಎಂ ಬದಲಿಸಿದರೆ ಯಂತ್ರವೇ ಬದಲಾದಂತೆ ಎಕ್ಸ್‌ಪಿಗೆ ಕಂಡು, ಮತ್ತೆ ಆ್ಯಕ್ಟಿವೇಟ್ ಮಾಡಲು ಕೇಳಬಹುದು. ಕೀಲಿಯಿರುವ ಸ್ಟಿಕ್ಕರ್ ಸುಟ್ಟ ಯಂತ್ರದ ಡಬ್ಬಿಯ ಮೇಲೆಯೇ ಇದ್ದರೆ, ಡಬ್ಬಿ ಗುಜರಿಗೆ ಹೋಗಿಲ್ಲವಷ್ಟೇ?

ಬದಿಯಡ್ಕದ ಮುದ್ರಕ:

ಎಲ್ಲರಿಗೂ ಋಣಿ. ತಾಳವಾಡಿಯವರ ದಾರಿಯಲ್ಲಿ ಎಕ್ಸ್‌ಪಿ ಅಂದೇ ಎದ್ದಿತು, ಆಮಂತ್ರಣ ಸೋಮವಾರ ಬೆಳಗ್ಗೆಯೇ ಹೋಯಿತು. ಮಾಸ್ಟ್ರೇ, ಡಬ್ಬಿ ಅಟ್ಟದ ಮೇಲಿದೆ, ಸ್ಟಿಕ್ಕರಿನ ಅಕ್ಷರ ಮಸುಕಾದರೂ ಓದಲು ಬರುತ್ತದೆ.

ನಿನ್ನೆ ಅಂಗಡಿಗೆ ರಜೆಯಿದ್ದುದರಿಂದ ಕೆವಿಎಂ ಪ್ರಯತ್ನಿಸಿದೆ. ಡಿಸ್ಕ್ ಪರಿವರ್ತನೆಯಾಯಿತು. ವರ್ಟ್-ಮ್ಯಾನೇಜರಿನಲ್ಲಿ ಶುರು ಮಾಡಿದರೆ ವಿಂಡೋಸಿನ ಲಾಂಛನ ಒಂದು ಗಳಿಗೆ ಕಂಡು, 7ಬಿ ಎಂಬ ಸಂಖ್ಯೆಯ ನೀಲಿ ಪರದೆ ಬಂದು ಮತ್ತೆ ಮೊದಲಿನಿಂದ ಏಳುತ್ತದೆ. ಹಾರ್ಡ್‌ವೇರ್ ಪಟ್ಟಿಯಲ್ಲಿ ಚಿಪ್‌ಸೆಟ್ ಎಂಬಲ್ಲಿ ಕ್ಯೂ35 ಎಂದಿದೆ, ಡಿಸ್ಕ್ ಸಾಟಾ ಎಂದು ತೋರಿಸುತ್ತಿದೆ.

ಪಯಸ್ವಿನಿ:

ಅದು ನನ್ನ ತಪ್ಪು, ಚಿಪ್‌ಸೆಟ್ ಬಗ್ಗೆ ಹೇಳಲೇ ಇಲ್ಲ. ಬೂಟ್ ಡಿಸ್ಕನ್ನು ಮುಟ್ಟಲಾಗುತ್ತಿಲ್ಲವೆಂಬುದು 7ಬಿಯ ಅರ್ಥ. ಕ್ಯೂ35ರಲ್ಲಿ ಐಡಿಇ ಇಲ್ಲ, ಇರುವುದು ಸಾಟಾ, ಅದರ ಡ್ರೈವರ್ ಎಕ್ಸ್‌ಪಿಯಲ್ಲಿ ಇಲ್ಲ. ಐ440ಎಫ್‌ಎಕ್ಸ್ ಎಂಬ ಹಳೆಯ ಚಿಪ್‌ಸೆಟ್ ಬೇಕು. ಸ್ಥಾಪನೆ ಮುಗಿದ ಮೇಲೆ ವರ್ಟ್-ಮ್ಯಾನೇಜರ್ ಅದನ್ನು ಬದಲಿಸಲು ಬಿಡುವುದಿಲ್ಲ. ವಿಎಂ ಅನ್ನು ಪಟ್ಟಿಯಿಂದ ತೆಗೆದು (ಡಿಸ್ಕ್ ಕಡತ ಅಳಿಸುವ ಚೌಕದಲ್ಲಿ ಗುರುತಿದ್ದರೆ ಮರೆಯದೆ ತೆಗೆಯಿರಿ), ಹೊಸದಾಗಿ ಮಾಡುವಾಗ ಕೊನೆಯ ಪುಟದಲ್ಲಿ ‘ಸ್ಥಾಪನೆಗೆ ಮುಂಚೆ ಸಂರಚನೆ ಬದಲಿಸು’ ಎಂಬ ಅರ್ಥದ ಆಯ್ಕೆಯನ್ನು ಒತ್ತಿ ಅಲ್ಲಿ ಆರಿಸಿ.

ಆಗಲೂ 7ಬಿ ಬಂದರೆ, ಒಮ್ಮೆ ವರ್ಚುವಲ್‌ಬಾಕ್ಸಿನಲ್ಲಿ ಎಕ್ಸ್‌ಪಿ ತೆರೆದು, ಡಿವೈಸ್ ಮ್ಯಾನೇಜರಿನಲ್ಲಿ ಐಡಿಇ ನಿಯಂತ್ರಕದ ಡ್ರೈವರನ್ನು ಇಂಟೆಲ್ ಹೆಸರಿನದ್ದರಿಂದ ‘ಸ್ಟ್ಯಾಂಡರ್ಡ್ ಡ್ಯುಯಲ್ ಚಾನೆಲ್’ ಎಂಬುದಕ್ಕೆ ಬದಲಿಸಿ, ಮತ್ತೆ ಚಾಲೂ ಮಾಡದೆ ನಿಲ್ಲಿಸಿ, ಆ ಡಿಸ್ಕನ್ನು ಇನ್ನೊಮ್ಮೆ ಪರಿವರ್ತಿಸಿ.

ಬದಿಯಡ್ಕದ ಮುದ್ರಕ:

ಎರಡನ್ನೂ ಮಾಡಬೇಕಾಯಿತು, ಆದರೆ ಎದ್ದಿತು. ಮಾಸ್ಟ್ರು ಎಣಿಸಿದಂತೆ ಆ್ಯಕ್ಟಿವೇಶನ್ ಕೇಳಿತು, ಅಟ್ಟ ಹತ್ತಿದ್ದು ಸಾರ್ಥಕವಾಯಿತು. ನೆಟ್‌ವರ್ಕ್ ಕಾರ್ಡನ್ನು ತೆಗೆದೇಬಿಟ್ಟೆ. ಪುಟಗಳನ್ನು ಪೋಸ್ಟ್‌ಸ್ಕ್ರಿಪ್ಟ್ ಕಡತವಾಗಿ ಪೆನ್‌ಡ್ರೈವಿಗೆ ಬರೆಸಿ, ಆ ಪೆನ್‌ಡ್ರೈವನ್ನು ಎಕ್ಸ್‌ಪಿಯಿಂದ ಬಿಡಿಸಿ ಡೆಬಿಯನ್ನಿಗೆ ಕೊಟ್ಟು, ಅಲ್ಲಿ ಗೋಸ್ಟ್‌ಸ್ಕ್ರಿಪ್ಟಿನಲ್ಲಿ ಪಿಡಿಎಫ್ ಮಾಡುತ್ತಿದ್ದೇನೆ. ಫಾಂಟು ಒಳಗೇ ಸೇರಿ ಬರುವುದರಿಂದ ಒತ್ತಕ್ಷರ ಚೆದರುವುದಿಲ್ಲ. ‘ಟಾಪ್’ನಲ್ಲಿ ಎಕ್ಸ್‌ಪಿ ಒಂದು ಸಾಲಾಗಿ ಕಾಣುವುದನ್ನು ನೋಡಿ ನಗು ಬಂತು.

ಒಂದೇ ತೊಡಕು ಉಳಿದಿದೆ. ನಿನ್ನೆ ಕರೆಂಟ್ ಹೋಗಿ ಬಂದ ಮೇಲೆ ಡಾಂಗಲ್ಲನ್ನು ಬೇರೆ ಕಿಂಡಿಗೆ ಚುಚ್ಚಿದೆ, ಆಮೇಲೆ ಸಾಧನ ಸಿಗಲಿಲ್ಲವೆಂದು ವಿಎಂ ಏಳಲೇ ಇಲ್ಲ. ಹಳೆಯ ಕಿಂಡಿಗೆ ಹಾಕಿದರೂ ಅಷ್ಟೇ.

ತಾಳವಾಡಿಯವ:

ವಿಎಂನ ಸಂರಚನೆಯಿರುವ ಎಕ್ಸ್‌ಎಂಎಲ್ ತೆರೆದು ಡಾಂಗಲ್ಲಿನ ಭಾಗ ನೋಡಿ. ತಯಾರಕ ಮತ್ತು ಉತ್ಪನ್ನದ ಸಂಖ್ಯೆಗಳ ಜತೆಗೆ ಬಸ್ ಮತ್ತು ಡಿವೈಸ್ ಸಂಖ್ಯೆ ಇರುವ ‘ಅಡ್ರೆಸ್’ ಸಾಲು ಸೋರ್ಸ್ ಭಾಗದೊಳಗೆ ಇದ್ದರೆ ಅದೊಂದನ್ನು ಅಳಿಸಿ. ಡಿವೈಸ್ ಸಂಖ್ಯೆ ಪ್ರತಿ ಸಲ ಚುಚ್ಚಿದಾಗಲೂ ಬದಲಾಗುತ್ತದೆ, ಅದಕ್ಕೇ ಹಳೆಯ ಕಿಂಡಿಯಲ್ಲೂ ಸಿಗಲಿಲ್ಲ. ಒಂದೇ ಬಗೆಯ ಎರಡು ಡಾಂಗಲ್ ಇಲ್ಲದಿದ್ದರೆ ಮೊದಲಿನ ಎರಡು ಸಂಖ್ಯೆಗಳೇ ಸಾಕು. ಅದೇ ಸೋರ್ಸ್ ಭಾಗದಲ್ಲಿ ‘ಸ್ಟಾರ್ಟಪ್ ಪಾಲಿಸಿ’ ಎಂಬುದನ್ನು ‘ಆಪ್ಷನಲ್’ ಮಾಡಿದರೆ, ಡಾಂಗಲ್ ಮೇಜಿನ ಮೇಲೆ ಮರೆತಿದ್ದರೂ ಎಕ್ಸ್‌ಪಿ ಏಳುತ್ತದೆ.